ಗರಡಿ ಬೀದಿಗೆ ಚರಂಡಿ ಬಂದದ್ದು

ಮೊನ್ನೆ ಟೀವಿಯ ಧೂಳು ಒರೆಸೋಣ ಎಂದು ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿದ್ದ ಬಟ್ಟೆಯನ್ನು ಎಳೆದುಕೊಂಡೆ. ಕೈಗೆ ಬಂದದ್ದು ನನ್ನದೇ ಪ್ಯಾಂಟಿನ ಹಿಂಭಾಗ. ಕಾಲುಗಳೆರಡನ್ನೂ ನನ್ನ ಹೆಂಡತಿ ಸಾವಿತ್ರಿ ಕತ್ತರಿಸಿ ಬೇರೆ ಯಾವುದೋ ಕೆಲಸಕ್ಕೆ ಹಚ್ಚಿದ್ದಳು. ಉಳಿದ ತುಂಡಿನ ನಟ್ಟನಡುವೆ ಒಂದು ಕೆಂಪು ಬಾಣದ ಗುರುತು, ಎಷ್ಟು ಒಗೆದರೂ ಮಾಸದೆ ಕುಳಿತಿತ್ತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಕನ್ನಡಕ, ಜೇಬಿನಲ್ಲಿ ಪೆನ್ನು, ಮುಖದಲ್ಲಿ ಸಾಕಷ್ಟು ಗಾಂಭೀರ್ಯ, ಎಲ್ಲ ಇದೆ. ಇಂಥವನ ಹಿಂಭಾಗಕ್ಕೆ ಬಾಣ ಹೇಗೆ ಬಂತು ಎಂದು ನೀವು ಕೇಳದೆ ಬಿಡುವವರಲ್ಲ. ಅವತ್ತು ಮದ್ದೂರಿನ ಬಸ್ಸಿನಲ್ಲೂ ಯಾರೂ ಕೇಳದೆ ಬಿಡಲಿಲ್ಲ. ಒಬ್ಬರಂತೂ ಬಹಳ ವಿನಯದಿಂದ, “ಸಾ, ಇದು ಎತ್ಲಾಗೆ ತೋರುಸ್ತಾ ಅದೆ?” ಎಂದು ವಿಚಾರಿಸಿದರು.

ಅದು ನಮ್ಮ ಬೀದಿಯ ಅಭಿವೃದ್ಧಿಯ ಗುರುತು. ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಮೊದಲು ಬೀದಿಯನ್ನು ಹೇಳಬೇಕು.

ಗರಡಿ ಬೀದಿ ಇರುವುದು ಮಳವಳ್ಳಿಯ ಹಳೆಯ ಭಾಗದಲ್ಲಿ. ಗರಡಿಮನೆ ಬಿದ್ದುಹೋಗಿ ಬಹಳ ಕಾಲವಾಯಿತು. ಆ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯ ಅಂಗಡಿಯಿದೆ. ಆದರೆ ಬೀದಿಯವರ ಮಾತಿನಲ್ಲಿ ಗರಡಿ ಇನ್ನೂ ಉಳಿದುಕೊಂಡಿದೆ. ಊಟ ಆಯಿತಾ ಎಂದು ಕೇಳುವುದನ್ನೂ ನಮ್ಮವರು ಎದುರಾಳಿಗೆ ಪಟ್ಟು ಹಾಕಿದ ಹಾಗೆ ಕೇಳುತ್ತಾರೆ. ಮದುವೆಯಾಗಿ ಮೈಸೂರಿನಿಂದ ಬಂದ ಸಾವಿತ್ರಿ, ಎದುರುಮನೆಯವರು ದಿನಾ ಬೆಳಿಗ್ಗೆ ತನ್ನ ಮೇಲೆ ಜಗಳಕ್ಕೆ ಬರುತ್ತಿದ್ದಾರೆ ಎಂದೇ ತಿಳಿದು ಒಳಗೆ ಹೋಗಿ ಅತ್ತಿದ್ದಳು. ಅವರು ಪಾಪ, ಸಾರಿಗೆ ಏನು ಹಾಕಿದ್ದೀಯ ಎಂದು ಕೇಳುತ್ತಿದ್ದರು. ಈಗ ಸಾವಿತ್ರಿಯೇ ಆ ಬೀದಿಯ ಒಳ್ಳೆಯ ಪೈಲ್ವಾನರಲ್ಲಿ ಒಬ್ಬಳು.

ಬೀದಿ ಬಹಳ ಹಳೆಯದು. ಎಷ್ಟು ಹಳೆಯದು ಎಂಬ ಬಗ್ಗೆ ನನಗೂ ಪಕ್ಕದ ಮನೆಯ ಗಿರಿಗೌಡನಿಗೂ ಚಡ್ಡಿ ಹಾಕುವ ಕಾಲದಿಂದ ವಾದವಿದೆ. ಅವನು ಯಾವುದೋ ಪಾಳೇಗಾರನ ಹೆಸರು ಹೇಳಿದರೆ ನಾನು ಅವನಿಗಿಂತ ಹಿಂದಿನ ಪಾಳೇಗಾರನನ್ನು ಎಬ್ಬಿಸಿ ತರುತ್ತೇನೆ. ಇಬ್ಬರಿಗೂ ಗೊತ್ತಿರುವುದು ಇಷ್ಟೇ: ನಾವು ಹುಟ್ಟುವ ಮೊದಲೇ ಎರಡೂ ಬದಿಗೆ ಮಣ್ಣಿನ ಗೋಡೆಯ, ನಾಡಹೆಂಚಿನ ಮನೆಗಳಿದ್ದವು, ಪ್ರತಿ ಮನೆಯ ಮುಂದೆಯೂ ಒಂದು ಕಲ್ಲಿನ ಜಗುಲಿ ಇತ್ತು.

ಜಗುಲಿ ಎಂದರೆ ನಮ್ಮಲ್ಲಿ ಬರೀ ಕೂರುವ ಜಾಗವಲ್ಲ. ಬಂದವರ ಯೋಗ್ಯತೆಯನ್ನು ಅಳೆಯುವುದೂ ಅಲ್ಲೇ. ಕೆಲವರಿಗೆ ಜಗುಲಿಯಲ್ಲೇ ನೀರು ಕೊಟ್ಟು ಕಳಿಸುತ್ತಿದ್ದರು, ಕೆಲವರಿಗೆ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದರು. ಹೆಣ್ಣು ನೋಡಲು ಬಂದವರನ್ನು ಮೊದಲು ಜಗುಲಿಯ ಮೇಲೆ ಕೂರಿಸಿ, ಎದುರು ಸಾಲಿನ ಜಗುಲಿಯವರೆಲ್ಲ ಕಣ್ಣು ತುಂಬ ನೋಡಿ ಒಪ್ಪಿದ ಮೇಲೆಯೇ ಒಳಕ್ಕೆ ಬಿಡುತ್ತಿದ್ದದ್ದು. ಹೆಣ್ಣು ಒಪ್ಪುವುದು ಬಿಡುವುದು ಆಮೇಲಿನ ಮಾತು. ನಮ್ಮ ಮನೆಯ ಚಪ್ಪಡಿಯಲ್ಲಿ ಯಾರೋ ಹಿರಿಯರು ಅಳಗುಳಿ ಆಡಲು ಗುಂಡಿಗಳನ್ನು ಕೊರೆದಿದ್ದರು. ನಾನು ಮಗ್ಗಿ ಕಲಿತದ್ದು ಆ ಗುಂಡಿಗಳಲ್ಲಿ ಹುಣಸೆಬೀಜ ಹಾಕಿ. ಬೇಸಿಗೆಯ ಸಂಜೆ ಆ ಕಲ್ಲು ಒಲೆಯಿಂದ ಇಳಿಸಿದ ಹೆಂಚಿನಂತೆ ಬೆಚ್ಚಗಿರುತ್ತಿತ್ತು. ತೊಡೆ ಸುಟ್ಟರೂ ಯಾರೂ ಎದ್ದು ಹೋಗುತ್ತಿರಲಿಲ್ಲ, ಎದ್ದರೆ ಜಾಗ ಹೋಗುತ್ತಿತ್ತು.

ಅವರೆಕಾಯಿ ಕಾಲ ಬಂದರೆ ಇನ್ನೊಂದು ಕಟ್ಟಳೆ. ಕಾಯಿ ಯಾರ ಮನೆಯದಾದರೂ ಆಗಲಿ, ಜಗುಲಿಯ ಮೇಲೆ ಕುಳಿತವರು ಸುಲಿಯಲೇಬೇಕು. ದಾರಿ ಕೇಳಲು ನಿಂತವರೂ ಒಂದು ಹಿಡಿ ಸುಲಿದೇ ಮುಂದಕ್ಕೆ ಹೋಗಬೇಕು. ಬರೀ ಬಾಯಿ ಆಡಿಸಿ ಕೈ ಆಡಿಸದವರನ್ನು ನಮ್ಮ ಬೀದಿ ಕ್ಷಮಿಸುವುದಿಲ್ಲ.

ಇಂಥ ಬೀದಿಗೆ ಅಭಿವೃದ್ಧಿ ಬರತೊಡಗಿತು. ಮೊದಲು ಟಾರು ಬಂತು. ಹಳೆಯ ಟಾರು ಕಿತ್ತುಹೋದಾಗ ಅದರ ಮೇಲೇ ಹೊಸ ಟಾರು ಬಂತು. ಅದರ ಮೇಲೆ ಕಾಂಕ್ರೀಟು. ಪ್ರತಿ ಸಲವೂ ರಸ್ತೆ ಮೇಲಕ್ಕೆ ಹೋಯಿತು, ಮನೆಗಳು ಇದ್ದಲ್ಲೇ ಉಳಿದವು. ಹುಡುಗನಾಗಿದ್ದಾಗ ನಾನು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಹೋಗುತ್ತಿದ್ದೆ, ಈಗ ಇಳಿದು ಹೋಗುತ್ತೇನೆ. ಮಳೆ ಬಂದರೆ ನೀರೂ ಹಾಗೇ ಇಳಿದು ಬರುತ್ತದೆ. ಸಾವಿತ್ರಿ ಅದಕ್ಕೆಂದೇ ಹೊಸಿಲಿಗೆ ಮರಳಿನ ಮೂಟೆ ಇಟ್ಟಿದ್ದಾಳೆ.

ಬೀದಿ ನಲ್ಲಿ ಹೋಗಿ ಮನೆಮನೆಗೆ ನಲ್ಲಿ ಬಂತು. ಹೆಂಗಸರು ಮೊದಲು ಹಿಗ್ಗಿದರು, ಆಮೇಲೆ ಮಂಕಾದರು. ಬಿಂದಿಗೆ ಸಾಲಿನ ಜಗಳ ನಿಂತ ಮೇಲೆ ಅಷ್ಟು ಮಾತನ್ನು ಎಲ್ಲಿ ಚೆಲ್ಲುವುದು ಎಂಬುದು ಯಾರಿಗೂ ತಿಳಿಯಲಿಲ್ಲ. ಅದರಿಂದ ಗಂಡಂದಿರಿಗೆ ಆದ ತೊಂದರೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಬೆಳ್ಳಗೆ ಉರಿಯುವ ಹೊಸ ದೀಪ ಬಂತು, ಕತ್ತಲಲ್ಲಿ ಕೂತು ಇನ್ನೊಬ್ಬರ ವಿಷಯ ಮಾತಾಡುತ್ತಿದ್ದವರು ತಾವೇ ಕಾಣತೊಡಗಿದರು. ಜಗುಲಿಗಳು ಒಂದೊಂದಾಗಿ ಹೋದವು. ಒಬ್ಬರು ಕಬ್ಬಿಣದ ಗ್ರಿಲ್ ಹಾಕಿಸಲು ತೆಗೆಸಿದರು, ಇನ್ನೊಬ್ಬರು ಗಾಡಿ ನಿಲ್ಲಿಸಲು. ಚಪ್ಪಡಿಗಳು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲುಗಳಾದವು. ಕೊನೆಗೆ ಬೀದಿಯಲ್ಲಿ ಉಳಿದದ್ದು ಒಂದೇ ಜಗುಲಿ, ನಮ್ಮದು. ಅದು ಉಳಿದದ್ದು ನನ್ನ ಪರಂಪರೆಯ ಪ್ರೇಮದಿಂದಲ್ಲ. ಅದರ ಮೇಲೆ ನಮ್ಮ ದೊಡ್ಡವ್ವ ಕೂತಿದ್ದಳು.

ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ಪುಟ್ಟತಾಯಮ್ಮ. ನನ್ನನ್ನು ಎತ್ತಿ ಆಡಿಸಿದವಳು, ಬೇಕಾದಾಗ ಎತ್ತಿ ಕುಕ್ಕಿದವಳೂ ಅವಳೇ. ಈಗ ಮಂಡಿ ನೋವಿನಿಂದ ಹೆಚ್ಚು ನಡೆಯಲಾರಳು. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಜಗುಲಿಗೆ ಬಂದು ಕೂತರೆ ಊಟಕ್ಕೆ ಮಾತ್ರ ಒಳಗೆ. ಯಾರ ಮಗಳು ಬಾಣಂತನಕ್ಕೆ ಬಂದಳು, ಯಾರ ಎಮ್ಮೆ ಕರು ಹಾಕಿತು, ಮೈಸೂರು ಬಸ್ಸು ಇವತ್ತು ಯಾಕೆ ತಡ, ಎಲ್ಲವೂ ಅವಳಿಗೆ ಮೊದಲು ಗೊತ್ತಾಗುತ್ತದೆ. ಬೀದಿಗೆ ಕ್ಯಾಮೆರಾ ಹಾಕಿಸಬೇಕು ಎಂದು ನಾವು ಯೋಚಿಸಿದಾಗ ಅವಳಿಗೆ ನಿಜವಾಗಿಯೂ ಅವಮಾನವಾಗಿತ್ತು.

“ನಾನೇನ್ ಸತ್ತೋಗಿದ್ನೇನ್ಲಾ?” ಎಂದಳು.

ಶ್ರಾವಣದಲ್ಲಿ ಒಂದು ಶನಿವಾರ ಬೀದಿಯವರೆಲ್ಲ ಟೆಂಪೋ ಮಾಡಿಕೊಂಡು ಮುತ್ತತ್ತಿಗೆ ಹೋಗುವುದುಂಟು. ಆಂಜನೇಯನ ದರ್ಶನ, ಹೊಳೆಯಲ್ಲಿ ಸ್ನಾನ, ಬುತ್ತಿ ಊಟ. ಅವಳನ್ನು ಎತ್ತಿ ಕೂರಿಸುತ್ತೇವೆ ಎಂದರೂ ಬರುವುದಿಲ್ಲ. “ನೀವೆಲ್ಲ ಓದ್ರೆ ಬೀದಿ ನೋಡ್ಕಳೋರ್ಯಾರು? ಅನುಮಂತರಾಯ್ನೇನು ಎಲ್ಲೂ ಓಗಕಿಲ್ಲ, ಅಲ್ಲೇ ಇರ್ತನೆ ಬುಡು” ಎನ್ನುತ್ತಾಳೆ. ಎಲ್ಲರೂ ಹೋದ ಮೇಲೆ ಖಾಲಿ ಬೀದಿಯ ಎದುರು ಒಬ್ಬಳೇ ಕೂತು, ಬಂದ ನಾಯಿಗಳ ಹತ್ತಿರ ಅವುಗಳ ಯೋಗಕ್ಷೇಮ ಕೇಳುತ್ತಾಳೆ.

ಈಗ ಬಾಣದ ವಿಷಯ. ನಮ್ಮ ಬೀದಿಗೆ ಒಂದು ಅಭಿವೃದ್ಧಿ ಸಂಘವಿದೆ, ಅದಕ್ಕೆ ನಾನೇ ಅಧ್ಯಕ್ಷ. ಯಾರಿಗೂ ಬೇಡವಾದದ್ದನ್ನು ಕೊನೆಗೆ ಮೇಷ್ಟ್ರ ಕೊರಳಿಗೆ ಹಾಕುವುದು ಊರಿನ ಪದ್ಧತಿ. ಆದರೂ ಹುದ್ದೆ ಎಂದ ಮೇಲೆ ತಲೆಗೆ ಏರುತ್ತದೆ. ಸಂಘದ ಅಧ್ಯಕ್ಷನಾದ ಮೇಲೆ ಗಿರಿಗೌಡನ ರ‍್ಯಾಂಪು ನನ್ನ ಕಣ್ಣಿಗೆ ಚುಚ್ಚತೊಡಗಿತು. ಅವನು ಹಳೆಯ ಕಾರೊಂದನ್ನು ಕೊಂಡು, ಅದನ್ನು ಮನೆಯೊಳಗೆ ಇಳಿಸಲು ದಪ್ಪ ತಗಡಿನ ರ‍್ಯಾಂಪು ಮಾಡಿಸಿ ಬೀದಿಗೆ ಚಾಚಿದ್ದ. ನಾನು ಬಸ್ಸಿಗೆಂದು ಓಡುವಾಗ ದಿನಾ ಅದನ್ನು ಎಡವುತ್ತಿದ್ದೆ. ಬೀದಿಯವರೆಲ್ಲ ಅದರ ಸದ್ದು ಕೇಳಿಯೇ ಮದ್ದೂರು ಬಸ್ಸಿನ ಹೊತ್ತಾಯಿತು ಎಂದು ತಿಳಿಯುತ್ತಿದ್ದರು.

ಪುರಸಭೆಯವರು ನಮ್ಮ ವಾರ್ಡಿಗೆ ಹೊಸ ಚರಂಡಿ ಮಂಜೂರಾಗಿದೆ ಎಂದು ಸಭೆ ಕರೆದರು. ನಾನು ಎದ್ದು ನಿಂತು ಮಾತಾಡಿದೆ. ಬೀದಿಯ ಇತಿಹಾಸದಿಂದ ಆರಂಭಿಸಿ ನಾಗರಿಕ ಪ್ರಜ್ಞೆಗೆ ಬಂದು, ಕೊನೆಯಲ್ಲಿ ಗಿರಿಗೌಡನ ಕಡೆಗೆ ನೋಡದೆಯೇ ನೋಡುತ್ತಾ, “ಚರಂಡಿ ಮಾಡುವ ಮೊದಲು ಬೀದಿಯನ್ನು ಸರಿಯಾಗಿ ಅಳೆಯಬೇಕು. ಯಾರೇ ಮುಂದಕ್ಕೆ ಬಂದಿದ್ದರೂ ಮುಲಾಜಿಲ್ಲದೆ ತೆರವು ಮಾಡಬೇಕು” ಎಂದೆ. ಚಪ್ಪಾಳೆ ಬಿತ್ತು. ಗಿರಿಗೌಡನೂ ತಟ್ಟಿದ. ಅವನು ಯಾಕೆ ತಟ್ಟುತ್ತಿದ್ದಾನೆ ಎಂದು ನಾನು ಆಗಲೇ ಯೋಚಿಸಬೇಕಾಗಿತ್ತು.

ಅಳೆಯುವವರು ಬಂದ ದಿನ ಬೆಳಿಗ್ಗೆ ನೋಡಿದರೆ ರ‍್ಯಾಂಪೇ ಇಲ್ಲ. ಗಿರಿಗೌಡ ಅದನ್ನು ಎತ್ತಿ ಹಿತ್ತಲಿನ ಗೋಡೆಗೆ ಒರಗಿಸಿ, ತಾನು ಮುಂದಿನ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಮಿಕ್ಕವರ ಜಗುಲಿಗಳು ಹಿಂದೆಯೇ ಹೋಗಿದ್ದವು. ಟೇಪು ಹಿಡಿದವರು ಆ ತುದಿಯಿಂದ ಈ ತುದಿಗೆ ಬಂದರು. ಬೀದಿಯಲ್ಲಿ ಗೆರೆ ದಾಟಿ ಮುಂದಕ್ಕೆ ಬಂದಿದ್ದದ್ದು ಒಂದೇ ಒಂದು, ಅಧ್ಯಕ್ಷರ ಮನೆಯ ಜಗುಲಿ. ಅದು ನಿಂತ ಜಾಗದಲ್ಲೇ ಚರಂಡಿ ಹೋಗಬೇಕು. ಅವರು ಚಪ್ಪಡಿಯ ಮೇಲೆ ಕೆಂಪು ಬಣ್ಣದಲ್ಲಿ ಬಾಣ ಬರೆದು ಹೋದರು. ನಾನು ತಲೆಯ ಮೇಲೆ ಕೈ ಹೊತ್ತು, ಹಸಿ ಬಣ್ಣವನ್ನೂ ನೋಡದೆ ಅದರ ಮೇಲೇ ಕೂತೆ. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಎದ್ದು ಓಡಿದೆ. ಉಳಿದದ್ದನ್ನು ನೀವು ಆಗಲೇ ಕೇಳಿದ್ದೀರಿ.

ಆ ಸಂಜೆ ಬೀದಿ ಪೂರ್ತಿ ನಮ್ಮ ಜಗುಲಿಯ ಸುತ್ತ ಸೇರಿತು. ಅವರೆಕಾಯಿ ಕಾಲ. ಎಲ್ಲರ ಕೈಯೂ ಸುಲಿಯುತ್ತಿತ್ತು, ಎಲ್ಲರ ಬಾಯಿಯೂ ನನ್ನನ್ನು ಸುಲಿಯುತ್ತಿತ್ತು.

“ನಿನ್ ಬಾಸ್ಣಕ್ಕೆ ಬೆಂಕಿ ಬೀಳ” ಎಂದ ಗಿರಿಗೌಡ. ಅವನಿಗೂ ಸಂಕಟವಾಗಿತ್ತು. ಸಂಜೆಯ ಕಾಫಿಯನ್ನು ಅವನು ತನ್ನ ಮನೆಯಲ್ಲಿ ಕುಡಿದದ್ದನ್ನು ನಾನು ಕಂಡವನಲ್ಲ. “ನನ್ ರ‍್ಯಾಂಪ್ ಮ್ಯಾಲೆ ಸಿಟ್ಟಿದ್ರೆ ನಂಗೇ ಬೋಯ್ಬೇಕಾಗಿತ್ತು ಕಣ್ಲಾ. ಎತ್ತಾಕ್ತಿದ್ದೆ.”

“ಇಷ್ಟು ದಿನ ಬೈದಿದ್ದೆಲ್ಲ ಏನು ಮತ್ತೆ?” ಎಂದೆ.

“ಅದು ಬೋಯ್ದಿದ್ದಾ? ನಾನು ಮಾತಾಡುಸ್ತಾ ಇದೀಯ ಅಂದ್ಕಂಡಿದ್ದೆ.”

ಉಪಾಯಗಳು ಬಂದವು. ಎಲ್ಲಕ್ಕಿಂತ ಗಟ್ಟಿಯಾದದ್ದು ಎದುರುಮನೆಯ ಜಯಮ್ಮನದು. ಒಂದು ಕಲ್ಲು ತಂದು ಜಗುಲಿಯ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಒಂದು ನಿಂಬೆಹಣ್ಣು ಇಟ್ಟುಬಿಟ್ಟರೆ ಯಾವ ಸರ್ಕಾರವೂ ಮುಟ್ಟುವುದಿಲ್ಲ ಎಂದಳು. ಹಾಗೆ ಉಳಿದುಕೊಂಡ ಕಟ್ಟೆಗಳನ್ನು ಎಲ್ಲರೂ ನೆನೆಸಿಕೊಂಡರು. ಸಮಾಜ ವಿಜ್ಞಾನದ ಮೇಷ್ಟ್ರಾದ ನಾನೂ, ನಾಚಿಕೆಯಿಲ್ಲದೆ, ಕಲ್ಲು ಯಾವ ಗಾತ್ರದ್ದಿರಬೇಕು ಎಂದು ಯೋಚಿಸತೊಡಗಿದೆ.

ಅವರೆಕಾಯಿ ಸುಲಿಯುತ್ತಿದ್ದ ದೊಡ್ಡವ್ವ ತಲೆ ಎತ್ತಿದಳು. “ದೇವ್ರು ಇಲ್ಲಿ ಕುಂತ್ಕಂಡ್ರೆ ನಾನೆಲ್ಲಿ ಕುಂತ್ಕಳನೆ?”

ನಿಂಬೆಹಣ್ಣು ತರಲು ಎದ್ದಿದ್ದ ಜಯಮ್ಮ ಮತ್ತೆ ಕೂತಳು.

ಕೆಲವು ದಿನ ಕಳೆದು ಪುರಸಭೆಯ ಎಂಜಿನಿಯರು ಬಂದ. ಪ್ರದೀಪ ಎಂದು ಹೆಸರು, ಚಿಕ್ಕ ವಯಸ್ಸು, ಮಾತು ಮೆತ್ತಗೆ. ನಾನು ಕುರ್ಚಿ ತರಲು ಹೋಗುವಷ್ಟರಲ್ಲಿ ದೊಡ್ಡವ್ವ ಅವನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಮೊರವನ್ನು ಅವನ ಕಡೆಗೆ ತಳ್ಳಿಯಾಗಿತ್ತು. ಪಾಪ, ಅವನೂ ಸುಲಿಯತೊಡಗಿದ. ನಮ್ಮ ಕಡೆ ಹೊಸಬರನ್ನು ಬಿಡುವ ಮೊದಲು ಅವರ ಬೇರು ಹುಡುಕದಿದ್ದರೆ ಹಿರಿಯರಿಗೆ ನಿದ್ದೆ ಬರುವುದಿಲ್ಲ.

“ಯಾವೂರಪ್ಪ?”

“ಪೂರಿಗಾಲಿ ಅಜ್ಜಿ.”

ದೊಡ್ಡವ್ವನ ಕೈ ನಿಂತಿತು. ಪೂರಿಗಾಲಿ ಅವಳ ತವರು. “ಪೂರಿಗಾಲೀಲಿ ಯಾರ ಪೈಕಿ?”

“ಕೆರೆ ತಾವು ಮನೆ ಅಜ್ಜಿ. ಬೋರೇಗೌಡ್ರ ಮೊಮ್ಮಗ.”

“ಕಿವಿ ಮ್ಯಾಲೆ ಗಾಯ ಇತ್ತಲ್ಲ, ಆ ಬೋರನಾ? ಅಯ್ಯೋ ನಿನ್ ಮನೆ ಕಾಯ್ವಾಗ! ಅವ್ನು ನಂಗೆ ವರ್ಸೇಲಿ ತಮ್ಮ ಆಗ್ಬೇಕು ಕಣ್ಲಾ ಮಗ. ಆ ಗಾಯ ಮಾಡಿದ್ದೇ ನಾನು, ಗಿಲ್ಲಿ ಆಡ್ವಾಗ.”

ಅಧಿಕಾರಿಯಾಗಿ ಬಂದವನು ನೋಡುತ್ತಿದ್ದಂತೆ ಮೊಮ್ಮಗನಾಗಿಬಿಟ್ಟ. ಅಪ್ಪ ಹೋಗಿ ಮಗ ಬಂತು, ಬಹುವಚನ ಮೊದಲೇ ಬಂದಿರಲಿಲ್ಲ. ಸಾವಿತ್ರಿ ಹಿತಕಿದ ಬೇಳೆಯ ಸಾರಿನ ಜೊತೆ ಮುದ್ದೆ ಇಟ್ಟಳು. ನನಗೆ ಜೀವ ಬಂದಂತಾಯಿತು. ಇನ್ನೇನು, ಜಗುಲಿ ಉಳಿಯಿತು ಎಂದುಕೊಂಡೆ. ಅವನು ಕೈ ತೊಳೆದುಕೊಂಡು ಬಂದು ದೊಡ್ಡವ್ವನ ಎದುರು ನಿಂತ.

“ಅಜ್ಜಿ, ನೀವು ನಮ್ಮಜ್ಜಿನೇ ಆದ್ರೂ ಚರಂಡಿ ಇಲ್ಲೇ ಓಗ್ಬೇಕು. ಬಗ್ಸಕ್ ಬರಕಿಲ್ಲ. ಬಗ್ಸುದ್ರೆ ನೀರು ನಿಂತು ನಿಮ್ಮನೆ ಒಳಕ್ಕೇ ಬತ್ತದೆ.”

ಅವನು ಹೇಳಿದ್ದು ಸುಳ್ಳಲ್ಲ. ಊಟ ಮಾಡಿಸಿ ಮೋಸಹೋದೆವು ಎಂದು ಸಾವಿತ್ರಿಗೆ ಸಿಟ್ಟು ಬಂತು. ನನಗೂ ಬಂತು, ಆದರೆ ನ್ಯಾಯ ಅವನ ಕಡೆಗಿದ್ದದ್ದರಿಂದ ಅದನ್ನು ಯಾರ ಮೇಲೆ ತೋರಿಸುವುದು ಎಂದು ತಿಳಿಯಲಿಲ್ಲ.

ದೊಡ್ಡವ್ವ ಆ ದಿನದಿಂದ ಮಂಕಾದಳು. ಸಾವಿತ್ರಿ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ ನೋಡಿದಳು. ದೊಡ್ಡವ್ವ ಸ್ವಲ್ಪ ಹೊತ್ತು ಕೂತು ಎದ್ದುಬಿಟ್ಟಳು. “ಕುರ್ಚಿ ಮ್ಯಾಲೆ ಕುಂತ್ರೆ ಪಕ್ದಾಗೆ ಯಾರೂ ಬಂದು ಕುಂತ್ಕಳಕಿಲ್ಲ ಕಣವ್ವ. ನಿಂತ್ಕಂಡೇ ಮಾತಾಡಿ ಓಯ್ತರೆ” ಎಂದಳು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಚಪ್ಪಡಿಯನ್ನು ಅಂಗೈಯಿಂದ ಸವರುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತೆ.

“ಒಳಗ್ ಕುಂತ್ರೆ ಗ್ವಾಡೆ ಕಾಣ್ತದೆ ಕಣ್ಲಾ ರಾಜ” ಎಂದಳು. “ಗ್ವಾಡೆ ಏನ್ ಮಾತಾಡ್ತದೆ? ನಂಗೆ ಓಡಾಡಕೆ ಕಾಲಿಲ್ಲ. ಈ ಕಲ್ಲೊಂದಿದ್ರೆ ಊರೇ ನನ್ ತಾವ್ಕೆ ಬತ್ತದೆ. ಇದೋದ್ರೆ ಯಾರ್ ಬತ್ತರೆ? ನೀನು ಇಸ್ಕೂಲ್ಗೆ ಓಯ್ತೀಯ, ಅವ್ಳು ಒಲೆ ಮುಂದೆ ಇರ್ತಳೆ. ನಾನು ಒಳಗೇ ಸತ್ತೋಯ್ತೀನಿ ಕಣ್ಲಾ.”

ಅವಳು ಅಳುವವಳಲ್ಲ. ದೊಡ್ಡಪ್ಪ ತೀರಿಕೊಂಡಾಗಲೂ ಬಂದವರಿಗೆ ತಾನೇ ಸಮಾಧಾನ ಹೇಳಿದವಳು. ಅವತ್ತು ಅವಳ ದನಿ ನಡುಗಿತು. ಸಭೆಯಲ್ಲಿ ಬಿದ್ದ ಆ ಚಪ್ಪಾಳೆಯನ್ನು ಹಿಂದಕ್ಕೆ ಕೊಡಲು ಬರುವಂತಿದ್ದರೆ ಆಗಲೇ ಕೊಟ್ಟುಬಿಡುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮಲ್ಲಿ ಯಾವುದಾದರೂ ವಸ್ತು ಶಾಶ್ವತವಾಗಿ ಉಳಿಯಬೇಕಾದರೆ ಅದನ್ನು ‘ಸದ್ಯಕ್ಕೆ’ ಇಡಬೇಕು. ಗಟ್ಟಿಯಾಗಿ, ಅಡಿಪಾಯ ಹಾಕಿ, ದೊಡ್ಡವರಿಂದ ಉದ್ಘಾಟನೆ ಮಾಡಿಸಿದ್ದೆಲ್ಲ ನಮ್ಮ ಕಣ್ಣೆದುರಿಗೇ ಬಿದ್ದುಹೋಗಿದೆ. ಆದರೆ ಮೂಲೆಯ ಕರೆಂಟು ಕಂಬಕ್ಕೆ ನನ್ನ ಬಾಲ್ಯದಲ್ಲಿ ಸದ್ಯಕ್ಕೆ ಎಂದು ಆನಿಸಿದ ಮರದ ದಿಮ್ಮಿ ಈಗಲೂ ಅದನ್ನು ಹಿಡಿದುಕೊಂಡೇ ಇದೆ. ಜಯಮ್ಮನ ಅಡುಗೆಮನೆಯ ತಗಡಿನ ಸೂರು ಸದ್ಯದ್ದು. ಅದರ ಕೆಳಗೆ ಅವಳ ಮಕ್ಕಳು ಬೆಳೆದು ಮೊಮ್ಮಕ್ಕಳು ಓಡಾಡುತ್ತಿವೆ. ನಾನೇ ಮದ್ದೂರಿನ ಶಾಲೆಗೆ ಸದ್ಯಕ್ಕೆ ಎಂದು ವರ್ಗವಾಗಿ ಹೋದವನು, ಇನ್ನು ನಿವೃತ್ತಿಯೂ ಅಲ್ಲಿಯೇ. ಸದ್ಯಕ್ಕೆ ಇಟ್ಟದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ಹೇಗೂ ನಾಳೆ ತೆಗೆಯುತ್ತಾರಲ್ಲ ಎಂದು ಎಲ್ಲರೂ ಪಕ್ಕದಲ್ಲಿ ನಡೆದು ಹೋಗುತ್ತಾರೆ.

ಜೆಸಿಬಿ ಬಂದ ದಿನ ಭಾನುವಾರ. ಪ್ರದೀಪ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ. ದೊಡ್ಡವ್ವ ರಂಪ ಮಾಡುತ್ತಾಳೆ ಎಂದು ಎಲ್ಲರೂ ಹೆದರಿದ್ದರು. ಅವಳು ತಾನಾಗಿಯೇ ಎದ್ದು, ಸಾವಿತ್ರಿಯ ಭುಜ ಹಿಡಿದುಕೊಂಡು ಹೊಸಿಲಿನ ಮೇಲೆ ಹೋಗಿ ಕೂತಳು. ಚಪ್ಪಡಿಗೆ ಸರಪಳಿ ಬಿಗಿದು ಎತ್ತಿ ಪಕ್ಕಕ್ಕೆ ಇಳಿಸಿದರು. ಅದರ ಕೆಳಗಿನ ಮಣ್ಣಿನಲ್ಲಿ ತುಂಡು ಬಳಪ, ಹಲ್ಲು ಮುರಿದ ಹಣಿಗೆ, ಹುಣಸೆಬೀಜ, ಒಂದು ಹಸಿರು ಗೋಲಿ ಸಿಕ್ಕವು. ಗಿರಿಗೌಡ ಗೋಲಿಯನ್ನು ಎತ್ತಿಕೊಂಡು ಪಂಚೆಯಲ್ಲಿ ಒರೆಸಿದ.

“ಇದು ನಂದು ಕಣ್ಲಾ.”

“ನಿಂದು ಅಂತ ಏನು ಗುರುತು?”

“ನಿಂದಾಗಿದ್ರೆ ಕಳ್ಕಂಡ ದಿನ ನೀನು ಊರೆಲ್ಲ ಕೇಳಂಗೆ ಅತ್ತಿರ್ತಿದ್ದೆ” ಎಂದು ಜೇಬಿಗೆ ಹಾಕಿಕೊಂಡ.

ಆಮೇಲೆ ಜೆಸಿಬಿ ನಮ್ಮ ಬಾಗಿಲ ಮುಂದೆ ಆಳಕ್ಕೆ ಕಾಲುವೆ ತೋಡಿತು. ಈ ಕಡೆ ಹೊಸಿಲು, ಆ ಕಡೆ ರಸ್ತೆ, ನಡುವೆ ಗುಂಡಿ. ಚಪ್ಪಡಿಯನ್ನು ಸಾಗಿಸಲು ಟ್ರ್ಯಾಕ್ಟರ್ ಬರಬೇಕಿತ್ತು. ಅದು ಬೀದಿಯ ಬಾಯಿಗೆ ಬಂದು ನಿಂತು ಹಾರನ್ ಹೊಡೆಯತೊಡಗಿತು. ಹೋಗಿ ನೋಡಿದರೆ, ಹಿತ್ತಲು ಸೇರಿದ್ದ ಗಿರಿಗೌಡನ ರ‍್ಯಾಂಪು ಬೀದಿಯ ಬಾಯಲ್ಲಿ ಅಡ್ಡ ಮಲಗಿದೆ, ಅದರ ಮೇಲೆ ಅವನ ಕಾರು ನಿಂತಿದೆ. ಗಿರಿಗೌಡ ಒಂದೊಂದೇ ಜೇಬಿಗೆ ಕೈ ಹಾಕಿ ಬೀಗದ ಕೈ ಹುಡುಕುತ್ತಿದ್ದ. ಪ್ರತಿ ಸಲವೂ ಆ ಹಸಿರು ಗೋಲಿಯೇ ಹೊರಗೆ ಬರುತ್ತಿತ್ತು.

“ಇಲ್ಲೇ ಎಲ್ಲೋ ಮಡ್ಗಿದ್ದೆ ಸಾ” ಎಂದು ಎಂಜಿನಿಯರಿಗೆ ಹೇಳಿದ. ಅಷ್ಟು ಸಭ್ಯವಾಗಿ ಅವನು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಟ್ರ್ಯಾಕ್ಟರಿನವನು ಕಾದು ಬೇಸತ್ತು ತಿರುಗಿಸಿಕೊಂಡು ಹೋದ. ಜೆಸಿಬಿಯವನಿಗೆ ಬೇರೆ ಕಡೆ ಕೆಲಸವಿತ್ತು. ಅವನು ಚಪ್ಪಡಿಯನ್ನು ಮತ್ತೆ ಸರಪಳಿಗೆ ಏರಿಸಿ, ಎಲ್ಲಿಡಲಿ ಎಂದು ಕೂಗಿದ. ಜಯಮ್ಮ ತನ್ನ ಬಾಗಿಲಿಗೆ ಅಡ್ಡ ನಿಂತು, “ನಮ್ಮನೆ ಮುಂದೆ ಮಡ್ಗುದ್ರೆ ನಿನ್ ಗಾಡಿ ಮುಂದೆ ಮಲೀಕತೀನಿ” ಎಂದಳು. ಅವಳ ಪಕ್ಕದ ಮನೆಯವರು ಬಾಗಿಲನ್ನೇ ಹಾಕಿಕೊಂಡರು. ಬೀದಿಯಲ್ಲಿ ಒಂದೂ ಮನೆ ಆ ಕಲ್ಲಿಗೆ ಜಾಗ ಕೊಡಲಿಲ್ಲ. ಚಪ್ಪಡಿ ಗಾಳಿಯಲ್ಲಿ ತೂಗುತ್ತಿತ್ತು, ಪ್ರದೀಪ ಹಣೆ ಒರೆಸಿಕೊಳ್ಳುತ್ತಿದ್ದ.

ಆಗ ಹೊಸಿಲ ಮೇಲಿಂದ ದೊಡ್ಡವ್ವನ ದನಿ ಬಂತು. ತೀರಾ ಬಡಪಾಯಿಯ ದನಿ. ಅಷ್ಟು ಬಡವಾದದ್ದನ್ನು ಕೇಳಿ ನನಗೆ ಆಗಲೇ ಅನುಮಾನ ಬರಬೇಕಾಗಿತ್ತು.

“ಮಗ, ನಾನ್ ಆಚಿಕ್ ಬರಕಾಯ್ತಾ ಇಲ್ವಲ್ಲಪ್ಪ. ಈ ಗುಂಡಿ ಎಂಗಪ್ಪ ದಾಟ್ಲಿ? ಸದ್ಯಕ್ಕೆ ಅದ್ನ ಈ ಗುಂಡಿ ಮ್ಯಾಲೆ ಅಡ್ಡ ಮಡಗ್ಸು. ಆಮೇಲ್ ತಗ್ಸೀವಂತೆ.”

ಪ್ರದೀಪ ಪೂರಿಗಾಲಿಯವನು, ಸದ್ಯಕ್ಕೆ ಎಂದರೆ ಏನೆಂದು ಅವನಿಗೆ ತಿಳಿಯದೆ ಇರುತ್ತದೆಯೇ? ಅವನು ಅಜ್ಜಿಯನ್ನು ನೋಡಿದ. ಅಜ್ಜಿ ಆಕಾಶ ನೋಡಿದಳು. ಅವನು ಜೆಸಿಬಿಯವನ ಕಡೆಗೆ ತಿರುಗಿ, “ಸದ್ಯಕ್ಕೆ ಮಡಗಪ್ಪ” ಎಂದ. ಎರಡೂ ಬದಿಗೆ ಸೈಜುಗಲ್ಲು ಕೊಟ್ಟು, ಕಾಲುವೆಯ ಮೇಲೆ ಚಪ್ಪಡಿಯನ್ನು ಇಳಿಸಿದರು. ಗಿರಿಗೌಡನಿಗೆ ಅಷ್ಟು ಹೊತ್ತಿಗೆ ಬೀಗದ ಕೈ ಸಿಕ್ಕಿತು.

ಆಮೇಲಿನದೆಲ್ಲ ತಾನಾಗಿ ನಡೆಯಿತು. ಗಾರೆಯವರು ಚರಂಡಿಗೆ ಗೋಡೆ ಕಟ್ಟುತ್ತಾ ನಮ್ಮ ಬಾಗಿಲಿಗೆ ಬಂದರು. ಚಪ್ಪಡಿ ಎತ್ತಲು ಜೆಸಿಬಿ ಬೇಕು, ಜೆಸಿಬಿ ಹೊಸ ಬಡಾವಣೆಗೆ ಹೋಗಿತ್ತು. ಅದು ಬರುವವರೆಗೆ ಕೈಕಟ್ಟಿ ಕೂರುವುದು ಯಾಕೆ ಎಂದು ಅವರು ಸದ್ಯಕ್ಕೆ ಚಪ್ಪಡಿಯ ಅಡಿಯಲ್ಲೇ ಗೋಡೆ ಕಟ್ಟಿ, ಸಂದುಗಳಿಗೆ ಸಿಮೆಂಟು ಮೆತ್ತಿ ಮುಂದಕ್ಕೆ ಹೋದರು. ಗೋಡೆ ರಸ್ತೆಗಿಂತ ಗೇಣುದ್ದ ಮೇಲಕ್ಕೆ ಬಂದದ್ದರಿಂದ ರಸ್ತೆಯ ನೀರು ಮನೆಯೊಳಗೆ ನುಗ್ಗುವುದೂ ನಿಂತಿತು. ಇದನ್ನು ನೋಡಿದ ಬೀದಿಯವರಿಗೆ ಇದ್ದಕ್ಕಿದ್ದಂತೆ ಚರಂಡಿಯ ಮೇಲೆ ಅಕ್ಕರೆ ಹುಟ್ಟಿತು. ತಮ್ಮ ತಮ್ಮ ಬಾಗಿಲ ಮುಂದೆಯೂ ಸದ್ಯಕ್ಕೆ ದಾಟಲು ಏನಾದರೂ ಬೇಕು ಎಂದು ಹಿತ್ತಲುಗಳಿಂದ ಒಗೆಯುವ ಕಲ್ಲುಗಳು ಹೊರಡತೊಡಗಿದವು. ಜಯಮ್ಮನ ಕಲ್ಲನ್ನು ನಾನೂ ಗಿರಿಗೌಡನೂ ಸೇರಿ ಬೀದಿಯವರೊಡನೆ ಹೊತ್ತು ತಂದೆವು. ಸಂಘದ ಅಧ್ಯಕ್ಷನಾಗಿ ನಾನು ಮಾಡಿದ ದೈಹಿಕ ಶ್ರಮ ಅದೊಂದೇ. ಒಂದು ವಾರ ಬೆನ್ನು ನೆಟ್ಟಗಾಗಲಿಲ್ಲ.

ಕೆಲಸ ಮುಗಿದ ಮೇಲೆ ಪ್ರದೀಪ ಕೊನೆಯ ಸಲ ನೋಡಿಕೊಂಡು ಹೋಗಲು ಬಂದ. ಎರಡೂ ಬದಿಯಲ್ಲಿ, ಚರಂಡಿಯ ಮೇಲೆ, ಚಪ್ಪಡಿಗಳ ಮೇಲೆ ಜನ ಎದುರುಬದುರಾಗಿ ಕೂತಿದ್ದರು. ನಾನು ಆ ಬೀದಿಯನ್ನು ಹಾಗೆ ಕಂಡು ಎಷ್ಟೋ ಕಾಲವಾಗಿತ್ತು. ನಿಜ ಹೇಳಬೇಕೆಂದರೆ ಕಣ್ಣು ಮಂಜಾಯಿತು, ಕನ್ನಡಕ ಒರೆಸುವ ನೆಪ ಮಾಡಿದೆ. ಪ್ರದೀಪ ದೊಡ್ಡವ್ವನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

“ಅಜ್ಜಿ, ಒಂದ್ ಮಾತು. ಇದು ಇನ್ಮೇಲೆ ನಿಮ್ಮನೆ ಜಗ್ಲಿ ಅಲ್ಲ. ಚರಂಡಿ ಮುಚ್ಚಳ. ಪುರಸಭೆ ಸ್ವತ್ತು. ನಾಳೆ ಯಾರಾದ್ರೂ ಕೇಳುದ್ರೆ ನಿಮ್ದು ಅಂತ ಅನ್ಬೇಡಿ.”

“ಆಗ್ಲಿ ಬುಡಪ್ಪ. ನಿಮ್ದೇ ಅಂತೀನಿ” ಎಂದು ಅವಳು ಅವನ ಕೈಗೆ ಅವರೆಕಾಯಿಯ ಚೀಲ ಕೊಟ್ಟು ಕಳಿಸಿದಳು.

ಅವನು ಹೋದ ಮೇಲೆ ಚಳಿ ಬೀಳತೊಡಗಿತು. ಅತ್ತೆಗೆ ಶೀತ ಆಗುತ್ತದೆ, ಒಳಗೆ ಕರೆದುಕೊಂಡು ಬನ್ನಿ ಎಂದು ಸಾವಿತ್ರಿ ನನ್ನನ್ನು ಅಟ್ಟಿದಳು. ದೊಡ್ಡವ್ವ ಎದುರು ಚಪ್ಪಡಿಯ ಜಯಮ್ಮನೊಂದಿಗೆ ಪ್ರದೀಪನಿಗೆ ಹೆಣ್ಣು ಹುಡುಕುವ ಮಾತಿನಲ್ಲಿ ಮುಳುಗಿದ್ದಳು.

“ದೊಡ್ಡವ್ವ, ಸಾಕು, ಒಳಗೆ ಬಾ” ಎಂದೆ.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಒಳಕ್ ಬಾ ಅನ್ನಕೆ ನೀನ್ಯಾವನ್ಲಾ? ನಾನೇನು ನಿನ್ ಮನೇಲ್ ಕುಂತಿದ್ದೀನಾ? ಸರ್ಕಾರದ್ ಜಾಗ. ನನ್ನ ಎಬ್ಬುಸ್ಬೇಕು ಅಂದ್ರೆ ಪುರಸಬೆಯೋರು ಬಂದು ಎಬ್ಬುಸ್ಲಿ.”

ಗಿರಿಗೌಡ ನಕ್ಕ ರಭಸಕ್ಕೆ ಅವನ ಮಡಿಲಿನ ಅವರೆಕಾಳೆಲ್ಲ ಬೀದಿಗೆ ಚೆಲ್ಲಿತು. ಅಧ್ಯಕ್ಷನಾದ ನಾನು ಮನೆಯ ಕಡೆಗೆ ತಿರುಗಿ ಹೊರಟೆ.

“ಎಂಗಿದ್ರೂ ಒಳಕ್ಕೆ ಓಯ್ತಾ ಇದೀಯ” ಎಂದಳು ಹಿಂದಿನಿಂದ, “ನನ್ ಕಂಬ್ಳಿ ತಕ್ಕಬಾ.”